ಚೆನ್ನಕ್ಕೆಯ ಏಳನೆಯ ಬಾಗಿಲು

ಈ ಕಥೆಯನ್ನು ಎಲ್ಲಿಂದ ಹಿಡಿದು ಎಳೆದರೂ ಅದು ಲತೇಶನ ಅಂಗಡಿಯ ಮುಂದೆಯೇ ಹೋಗಿ ನಿಲ್ಲುತ್ತದೆ. ಹಾಗಾಗಿ ಅಲ್ಲಿಂದಲೇ ಹೇಳುವುದು ಒಳ್ಳೆಯದು.

ವೇಣೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಲತೇಶನ ಮೊಬೈಲ್ ಅಂಗಡಿ. ಊರಿನ ಅರ್ಧ ಜನರ ಫೋನು ಅವನು ಮಾರಿದ್ದು, ಉಳಿದರ್ಧದ್ದು ಅವನು ರಿಪೇರಿ ಮಾಡಿದ್ದು. ಹೊಸ ಫೋನು ಕೊಂಡವರು ಪೆಟ್ಟಿಗೆ ಬಿಚ್ಚುವ ಮೊದಲೇ "ಇಲ್ಲಿ ಕೊಡಿ, ಎರಡು ನಿಮಿಷದಲ್ಲಿ ಎಲ್ಲ ಮಾಡಿ ಕೊಡ್ತೇನೆ" ಎಂದು ಕೈಚಾಚುತ್ತಿದ್ದ. ಫೋನು ಮೇಲ್ ಕೇಳಿದರೆ ತನ್ನ ಮೇಲ್ ಹಾಕುತ್ತಿದ್ದ, ನಂಬರು ಕೇಳಿದರೆ ತನ್ನ ನಂಬರು. ಗ್ಯಾಸ್ ಬುಕ್ಕಿಂಗು, ಮಕ್ಕಳ ಪರೀಕ್ಷೆಯ ಅರ್ಜಿ, ಮುದುಕರ ಪಿಂಚಣಿ, ಎಲ್ಲದರ ಕೋಡು ಬಂದು ಬೀಳುತ್ತಿದ್ದದ್ದು ಲತೇಶನ ಕಿಸೆಯೊಳಗೆ. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. "ನಮ್ಮ ಲತೇಶ ಅಲ್ವಾ" ಎಂದರೆ ಅಲ್ಲಿಗೆ ಮುಗಿಯಿತು.

ಸಾತ್ವಿಕಾ ಮಾಡಿದ ತಪ್ಪೂ ಅದೇ. ಅವಳಿಗಂತೂ ಅವನು ಸೋದರಮಾವನ ಮಗ, ಭಾವ. ನಾಲ್ಕು ವರ್ಷದ ಹಿಂದೆ ಅವಳು ಆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅಜ್ಜಿಯ ಕಥೆಗಳನ್ನು ಹಾಕಲಿಕ್ಕೆ ಒಂದು ಪುಟ ಬೇಕು ಎಂದಾಗ ಲತೇಶ ಎರಡೇ ನಿಮಿಷದಲ್ಲಿ ಅದನ್ನು ಮಾಡಿ ಕೊಟ್ಟಿದ್ದ. ಎಲ್ಲರೂ ಇರುವ, ಎಲ್ಲರೂ ದಿನಕ್ಕೆ ನೂರು ಸಲ ತೆರೆದು ನೋಡುವ ಆ ದೊಡ್ಡ ಜಾಲತಾಣದಲ್ಲಿ "ಅಜ್ಜಿ ಹೇಳಿದ್ದು" ಎಂಬ ಪುಟ ಹುಟ್ಟಿದ್ದು ಹಾಗೆ.

ಸಾತ್ವಿಕಾಗೆ ಇಪ್ಪತ್ತೇಳು. ಉಜಿರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಒಂಬತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಮೇಲೆ ಅವಳನ್ನು ಸಾಕಿದ್ದು ತಾಯಿಯ ತಾಯಿ ಶಶಿಪ್ರಭಾ. ಅನ್ನದ ಜೊತೆ ಕಥೆ, ಜ್ವರದ ಮದ್ದಿನ ಜೊತೆ ಕಥೆ, ತಲೆ ಬಾಚುವಾಗ ಕಥೆ. ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಕೂತ ಸಾತ್ವಿಕಾಗೆ ಗುರುವಾಯನಕೆರೆಯ ನೀರಿನ ಮೇಲೆ ಇನ್ನೂ ಯಾರೋ ರಾಜಕುಮಾರಿಯ ಸೆರಗು ತೇಲುವುದು ಕಾಣುತ್ತಿತ್ತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆಯೇ ಅವಳಿಗೆ ಟಿಕೇಟಿನ ನೆನಪು. ಇಂಥ ಹುಡುಗಿ ಮೆತ್ತಗೆ ಎಂದು ಎಲ್ಲರೂ ತಿಳಿದಿದ್ದರು. ಆದರೆ ಶಶಿಪ್ರಭಾಳ ಕಥೆಗಳನ್ನು ಸರಿಯಾಗಿ ಕೇಳಿದವರು ಹಾಗೆ ತಿಳಿಯುತ್ತಿರಲಿಲ್ಲ. ಆ ಕಥೆಗಳಲ್ಲಿ ಕ್ಷಮಿಸುವ ಹೆಂಗಸರು ಕಡಿಮೆ. ಹನ್ನೆರಡು ವರ್ಷ ಕಾದು, ಮದುವೆಯ ಚಪ್ಪರದಲ್ಲಿಯೇ ಸೇಡು ತೀರಿಸಿ, ಆಮೇಲೆ ಕೈತೊಳೆದು ಊಟಕ್ಕೆ ಕೂರುವವರೇ ಹೆಚ್ಚು.

ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹಚ್ಚಿಕೊಂಡ ಕಥೆ ಚೆನ್ನಕ್ಕೆಯದ್ದು. ಫಲ್ಗುಣಿ ಹೊಳೆಯ ದಡದಲ್ಲಿ ಚೆನ್ನಕ್ಕೆ ಎಂಬ ಹೆಣ್ಣು ತಾನೇ ಕೆಂಪುಕಲ್ಲು ಕಡಿದು ಏಳು ಬಾಗಿಲಿನ ಮನೆ ಕಟ್ಟುತ್ತಾಳೆ. ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಬಂದು ಮನೆ ಕೇಳುತ್ತಾನೆ. ಅರಸ ಬಂದ, ಅರಸನ ಮಂತ್ರಿ ಬಂದ, ಹಡಗಿನ ವ್ಯಾಪಾರಿ ಬಂದ, ಮಾಟಗಾರ ಬಂದ. ಚೆನ್ನಕ್ಕೆ ಒಬ್ಬೊಬ್ಬನಿಗೂ ಒಂದೊಂದು ಉಪಾಯದಿಂದ ಬುದ್ಧಿ ಕಲಿಸಿದಳು. ಆರು ಬಾಗಿಲು ಮುಗಿಯುವಾಗ ಅವಳು ಮುದುಕಿ. ಇನ್ನು ಉಳಿದದ್ದು ಏಳನೆಯದು: ಮನೆ ಯಾರಿಗೆ? ಅಲ್ಲಿಗೆ ಬರುವಾಗ ಶಶಿಪ್ರಭಾಳ ಗಂಟಲು ಕಟ್ಟಿತು. ಗಡ್ಡೆ ಎಂದರು, ತೆಗೆದರು, ಎರಡು ತಿಂಗಳು ಗಟ್ಟಿಯಾಗಿ ಮಾತಾಡಬಾರದು ಎಂದರು. ಕೇಳುವವರು ಅರುವತ್ತು ಸಾವಿರ ಜನ ಆಗಿದ್ದರು. ದುಬೈಯಿಂದ, ಮುಂಬೈಯಿಂದ ದಿನಾ ಒಂದೇ ಪ್ರಶ್ನೆ: ಏಳನೆಯ ಬಾಗಿಲು ಯಾವಾಗ?

ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಸಾತ್ವಿಕಾಳ ಫೋನಿನಲ್ಲಿ ಪುಟ ಮುಚ್ಚಿಹೋಯಿತು. ಪಾಸ್‌ವರ್ಡು ತಪ್ಪು ಎಂದಿತು. ಬೇರೆಯವರ ಫೋನಿನಲ್ಲಿ ನೋಡಿದರೆ ಪುಟದ ಹೆಸರು "ಲತೇಶ್ ಡಿಜಿಟಲ್ಸ್ ಅಜ್ಜಿ ಕಥೆ" ಎಂದಾಗಿತ್ತು. ಚೆನ್ನಕ್ಕೆ ಮಾಟಗಾರನಿಗೆ ಗಂಜಿ ಬಡಿಸುತ್ತಿರುವ ಹೊತ್ತಿಗೆ ಕಥೆ ನಿಂತು, ಮೂಡುಬಿದಿರೆಯಲ್ಲಿ ತೆರೆಯಲಿರುವ ಹೊಸ ಶೋರೂಮಿನ ಜಾಹೀರಾತು ಬಂತು.

ಅವಳು ಚಪ್ಪಲಿ ಮೆಟ್ಟಿಕೊಂಡು ಸೀದಾ ಅಂಗಡಿಗೆ ಹೋದಳು. ಲತೇಶ ಯಾರದ್ದೋ ಫೋನಿಗೆ ಗಾಜು ಅಂಟಿಸುತ್ತಿದ್ದ.

"ಭಾವ, ಪುಟದ ಪಾಸ್‌ವರ್ಡು ಬದಲಾಗಿದೆ."

"ಹೌದು, ನಾನೇ ಬದಲಾಯಿಸಿದ್ದು. ಕೂತ್ಕೋ. ಜ್ಯೂಸ್ ತರಿಸ್ಲಾ?"

"ಯಾಕೆ ಬದಲಾಯಿಸಿದ್ದು?"

"ಸಾತ್ವಿ, ನೀನು ಆಕಾಶ ನೋಡಿಕೊಂಡು ಕೂತಿದ್ದಿ. ಅರುವತ್ತು ಸಾವಿರ ಜನ ಉಂಟು ಮಾರಾಯ್ತಿ ಅದರಲ್ಲಿ! ಅಷ್ಟು ಜನರನ್ನು ಕೂರಿಸಿ ಬರೀ ಕಥೆ ಹೇಳಿ ಕಳಿಸುವುದಾ? ನಾನು ಶೋರೂಮ್ ಮಾಡ್ತಾ ಇದ್ದೇನೆ. ನೀನು ಕಥೆ ರೆಕಾರ್ಡ್ ಮಾಡಿ ಕೊಡು, ಉಳಿದದ್ದು ನಾನು ನೋಡಿಕೊಳ್ತೇನೆ."

"ಅದು ನನ್ನ ಪುಟ."

"ಯಾರ ನಂಬರಿನಲ್ಲಿ ಉಂಟು?"

"ಅಜ್ಜಿಯ ಸ್ವರ ಭಾವ ಅದು."

"ನನಗೂ ಅಜ್ಜಿಯೇ ಅಲ್ವಾ? ನನ್ನ ಅಪ್ಪನನ್ನು ಬೇರೆ ಯಾರಾದರೂ ಹೆತ್ತಿದ್ದಾ?"

ಗಾಜು ಹಾಕಿಸಲು ಬಂದಿದ್ದವನು ಕಿಸಕ್ಕನೆ ನಕ್ಕ. ಲತೇಶನೂ ನಕ್ಕ. ಸಾತ್ವಿಕಾ ಹೊರಗೆ ಬಂದಳು. ಆ ಇಬ್ಬರ ನಗು ಮಾತ್ರ ಅವಳ ಕಿವಿಯಿಂದ ಎಷ್ಟೋ ದಿನ ಇಳಿಯಲಿಲ್ಲ.

ಜಾಲತಾಣಕ್ಕೆ ಮೂರು ಸಲ ದೂರು ಬರೆದಳು. ಬರೆಯಲು ಒಂದು ಗಂಟೆ ಹಿಡಿಯಿತು. ಉತ್ತರ ಬರಲು ಫೋನು ಕೆಳಗಿಡುವಷ್ಟು ಹೊತ್ತೂ ಬೇಕಾಗಲಿಲ್ಲ. "ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಖಾತೆ ಅದರ ಮಾಲೀಕರ ಬಳಿಯೇ ಇದೆ." ಮೂರು ಸಲವೂ ಅಕ್ಷರ ಕೂಡ ಬದಲಾಗದ ಅದೇ ಉತ್ತರ. ಚೆನ್ನಕ್ಕೆಯ ಬಾಗಿಲಿಗೆ ಬಂದ ಅರಸನಿಗಾದರೂ ಒಂದು ಮುಖ ಇತ್ತು, ಬೈದರೆ ಕೆಂಪಾಗುತ್ತಿತ್ತು. ಇಲ್ಲಿ ಬೈಯಲಿಕ್ಕೂ ಯಾರೂ ಇಲ್ಲ.

ಅವಳು ಹಲ್ಲು ಕಚ್ಚಿಕೊಂಡು ಇದನ್ನೆಲ್ಲ ಹೇಳಿದ್ದು ಒಬ್ಬಳಿಗೆ ಮಾತ್ರ, ಶಮ್ನಾಳಿಗೆ. ಅದೇ ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಶಮ್ನಾ ಬಂಟ್ವಾಳದವಳು, ಮಾತು ಕಡಿಮೆ, ಡಬ್ಬಿಯಲ್ಲಿ ತಂದದ್ದನ್ನು ಹಂಚುವುದು ಜಾಸ್ತಿ.

"ಪೊಲೀಸಿಗೆ ಕೊಡುವ," ಎಂದಳು ಶಮ್ನಾ.

"ಬೇಡ. ಪೊಲೀಸು ಅಂದರೆ ಅವನ ಅಪ್ಪ, ನನ್ನ ಮಾವ, ಬಂದು ಅಜ್ಜಿಯ ಕಾಲು ಹಿಡಿತಾರೆ. ಅಜ್ಜಿ ಕರಗ್ತಾಳೆ, ರಾಜಿ ಆಗ್ತದೆ, ಅವನು ಪಾಯಸ ಕುಡಿದು ಹೋಗ್ತಾನೆ. ನನಗೆ ರಾಜಿ ಬೇಡ. ಅವನ ಎದುರಿಗೇ ಆ ಪುಟ ಖಾಲಿ ಆಗಬೇಕು. ಎಲ್ಲರೂ ನೋಡಬೇಕು."

ಶಮ್ನಾ ಅವಳ ಮುಖವನ್ನೇ ನೋಡಿದಳು. "ನೀನು ಇಷ್ಟು ಕೆಟ್ಟವಳೂಂತ ಗೊತ್ತಿರಲಿಲ್ಲ," ಎಂದು ಡಬ್ಬಿಯ ಪತ್ತಿರಿ ರೊಟ್ಟಿಯಲ್ಲಿ ಅರ್ಧ ಅವಳ ಕೈಗಿಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಹೇಳಿದಳು: "ಈಗ ಬೇರೆ ನಮೂನೆಯ ಜಾಲ ಉಂಟು. ಅದು ಒಬ್ಬ ಯಜಮಾನನ ದೊಡ್ಡ ಬಂಗ್ಲೆ ಅಲ್ಲ. ಸಾವಿರ ಸಣ್ಣ ಮನೆಗಳು ಅಂತ ಇಟ್ಟುಕೋ. ಒಂದೊಂದು ಮನೆ ಒಬ್ಬೊಬ್ಬರು ನಡೆಸ್ತಾರೆ. ಮನೆಯಿಂದ ಮನೆಗೆ ಕಾಲುದಾರಿ ಉಂಟು, ಇಲ್ಲಿ ಕೂತು ಅಲ್ಲಿಯವರ ಮಾತು ಕೇಳಬಹುದು. ಮನೆ ನಡೆಸುವವರು ಸರಿ ಇಲ್ಲ ಅಂತಾದರೆ ಗಂಟು ಕಟ್ಟಿ ಇನ್ನೊಂದು ಮನೆಗೆ ಹೋದರಾಯ್ತು, ನಿನ್ನನ್ನು ಕೇಳುವವರೂ ನಿನ್ನ ಹಿಂದೆಯೇ ಬರ್ತಾರೆ. ನಾನು, ನನ್ನ ಇಬ್ಬರು ಫ್ರೆಂಡ್ಸು ಸೇರಿ ಒಂದು ನಡೆಸ್ತಾ ಇದ್ದೇವೆ. ಚಾವಡಿ ಅಂತ ಹೆಸರು."

"ಹಾಗಾದರೆ ಆ ಅರುವತ್ತು ಸಾವಿರ ಜನ ಬರ್ತಾರಾ?"

"ಅವರು ಬರುವುದಿಲ್ಲ. ಅವರಿರುವುದು ಬಂಗ್ಲೆಯೊಳಗೆ. ಅವರನ್ನು ಒಬ್ಬೊಬ್ಬರನ್ನೇ ಕೈ ಹಿಡಿದು ಈಚೆ ದಾಟಿಸಬೇಕು."

ಸಾತ್ವಿಕಾ ಆವತ್ತೇ ಚಾವಡಿಯಲ್ಲಿ ಖಾತೆ ತೆರೆದಳು. ತನ್ನದೇ ನಂಬರು, ತನ್ನದೇ ಮೇಲ್. ರೆಕಾರ್ಡಿಂಗುಗಳೆಲ್ಲ ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಇದ್ದವು. ಚೆನ್ನಕ್ಕೆಯ ಆರು ಬಾಗಿಲುಗಳನ್ನೂ ಒಂದೊಂದಾಗಿ ಅಲ್ಲಿಗೆ ಸಾಗಿಸಿದಳು. ಮೊದಲ ವಾರ ಕೇಳಿದವರು ಹನ್ನೊಂದು ಜನ. ಲತೇಶನ ಪುಟದಡಿಯಲ್ಲಿ ಹೊಸ ವಿಳಾಸ ಬರೆದರೆ ಅವನು ಅರ್ಧ ಗಂಟೆಯೊಳಗೆ ಅಳಿಸುತ್ತಿದ್ದ. ನಾಲ್ಕನೆಯ ಸಲಕ್ಕೆ ಅವಳನ್ನೇ ಹೊರಗೆ ಹಾಕಿದ. ತನ್ನ ಅಜ್ಜಿಯ ಕಥೆಗೆ ಹೂಂಗುಟ್ಟುವ ಹಕ್ಕೂ ಅವಳಿಗೆ ಉಳಿಯಲಿಲ್ಲ.

ದಾರಿ ತೋರಿಸಿದ್ದು ಶಮ್ನಾಳ ತಾಯಿ ಜುಲೈಕಾ. ಬಂಟ್ವಾಳದ ಪೇಟೆಯ ಹಿಂದೆ ಅವಳ ಮನೆ. ಜಗಲಿಯಲ್ಲಿ ಆರೇಳು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ, ನಡುವೆ ಒಂದು ಫೋನು ಮಡಕೆಯೊಳಗೆ ಇಟ್ಟಿರುತ್ತದೆ, ಸ್ವರ ದೊಡ್ಡದಾಗಿ ಕೇಳಲಿ ಎಂದು. ಒಂದು ಭಾನುವಾರ ಸಾತ್ವಿಕಾ ಅಲ್ಲಿಗೆ ಹೋದಾಗ ಮಡಕೆಯೊಳಗಿನಿಂದ ಅಜ್ಜಿಯ ಸ್ವರ ಬರುತ್ತಿತ್ತು.

"ಮೋಳೇ, ನೀನಾ ಆ ಅಜ್ಜಿಯ ಮೊಮ್ಮಗಳು?" ಜುಲೈಕಾಳ ಬೆರಳು ನಿಲ್ಲಲಿಲ್ಲ, ಎಲೆ ಸುತ್ತುತ್ತಲೇ ಇತ್ತು. "ಕೂರು ಮಗಾ. ಚೆನ್ನಕ್ಕೆಯ ಮನೆ ಯಾರಿಗೆ ಹೋಯ್ತು, ಅದೊಂದು ಹೇಳಿಬಿಡು. ಇವಳು ನೋಡು, ಅರಸನಿಗೆ ಕೊಡ್ತಾಳೆ ಅಂತ ನನ್ನ ಹತ್ತಿರ ಜಗಳ."

"ಅರಸನಿಗೆ ಯಾಕೆ ಕೊಡ್ಬಾರ್ದು? ಕೊನೆಗೆ ಒಳ್ಳೆಯವ ಆಗ್ತಾನಲ್ಲ," ಎಂದಳು ಮೂಲೆಯಲ್ಲಿ ಕೂತವಳು.

"ಮನೆ ಕೇಳ್ಲಿಕ್ಕೆ ಬಂದವ ಎಲ್ಲಿ ಒಳ್ಳೆಯವ ಆಗ್ತಾನೆ ನಿನ್ನ ತಲೆ!"

ಸಾತ್ವಿಕಾ ನಡೆದದ್ದನ್ನೆಲ್ಲ ಹೇಳಿದಳು. ಜಗಲಿಯಲ್ಲಿ ಕತ್ತರಿಯ ಸದ್ದು ನಿಂತಿತು. ಜುಲೈಕಾ ಮೊರ ಕೆಳಗಿಟ್ಟು, "ಆ ಫೋನು ತೆಗೆ. ಕಳ್ಳನ ಪುಟ ಮುಚ್ಚು. ಇವಳದ್ದು ಹೇಗೆ ಹಾಕುವುದು ತೋರಿಸು," ಎಂದಳು. ಶನಿವಾರ, ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದಾಗ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಅವಳು ಅದನ್ನೇ ತೋರಿಸಿದಳು. ಆ ಬ್ರಾಂಚಿನಿಂದ ಇನ್ನೊಂದಕ್ಕೆ, ಬಂಟ್ವಾಳದಿಂದ ಪುಂಜಾಲಕಟ್ಟೆಗೆ, ಅಲ್ಲಿಂದ ಬೆಳ್ತಂಗಡಿಗೆ. ಸಂಜೆಯ ಬಸ್ಸಿನಲ್ಲಿ ಸಾತ್ವಿಕಾಳ ಪಕ್ಕ ಕೂತವರ ಫೋನಿಗೂ ಬಿಡುಗಡೆ ಇರಲಿಲ್ಲ. ಎರಡು ತಿಂಗಳಲ್ಲಿ ಎಂಟುನೂರು ಜನ ಆದರು. ಅರುವತ್ತು ಸಾವಿರದ ಮುಂದೆ ಅದು ಎಲ್ಲಿಗೂ ಸಾಲದು. ಆದರೆ ಈ ಎಂಟುನೂರು ಜನರನ್ನು ಅವಳ ಕೈಯಿಂದ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ.

ಇತ್ತ ಲತೇಶನಿಗೂ ಸುಖ ಇರಲಿಲ್ಲ. ಹಳೆಯ ಕಥೆಯನ್ನು ಎಷ್ಟು ಸಲ ಹಾಕಿದರೂ ಕೆಳಗೆ ಒಂದೇ ಕೂಗು: ಏಳನೆಯ ಬಾಗಿಲು ಎಲ್ಲಿ? ಕೊನೆಗೆ ಅವನು ದೊಡ್ಡ ಅಕ್ಷರದಲ್ಲಿ ಸಾರಿಬಿಟ್ಟ: ಶೋರೂಮು ಉದ್ಘಾಟನೆಯ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಚೆನ್ನಕ್ಕೆಯ ಕೊನೆಯ ಬಾಗಿಲು.

ಅದಕ್ಕೆ ಮೂರು ದಿನ ಇರುವಾಗ ಕಾಲೇಜಿನ ಗೇಟಿನ ಹತ್ತಿರ ಅವನ ಕಾರು ಬಂದು ನಿಂತಿತು.

"ಹತ್ತು ಸಾತ್ವಿ. ಒಂದು ಸಂಗತಿ ಕೇಳಿಸ್ತೇನೆ."

ಅವಳು ಹತ್ತಿದಳು. ಅವನು ಕಾರಿನ ಸ್ಪೀಕರಿಗೆ ಫೋನು ಜೋಡಿಸಿದ. ಒಳಗೆ ತುಂಬಿಕೊಂಡದ್ದು ಅಜ್ಜಿಯ ಸ್ವರ. ಗಂಟಲು ಕಟ್ಟುವ ಮೊದಲಿನ ಸ್ವರ, ಮಾತಿನ ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಅಭ್ಯಾಸ. ಸಾತ್ವಿಕಾ ಸ್ಪೀಕರಿನ ಹತ್ತಿರ ಬಾಗಿದಳು.

"ಕಂಪ್ಯೂಟರಿನಲ್ಲಿ ಮಾಡಿಸಿದ್ದು," ಎಂದ ಲತೇಶ. "ಕಥೆಯೂ ಅದೇ ಬರೆದದ್ದು, ಸ್ವರವೂ ಅದೇ ಹಾಕಿದ್ದು. ನೀನು ನಿಜವಾದದ್ದು ಕೊಟ್ಟರೆ ಅದನ್ನೇ ಹಾಕ್ತೇನೆ, ಕೊಡದಿದ್ದರೆ ಇದು. ನನಗೆ ಎರಡೂ ಒಂದೇ."

ಸ್ವರ ಹೇಳುತ್ತಾ ಹೋಯಿತು, ಲತೇಶ ಇನ್ನೊಂದು ಫೋನಿನಲ್ಲಿ ಉದ್ಘಾಟನೆಯ ಕರೆಯೋಲೆ ಕಳಿಸುವುದರಲ್ಲಿ ಮುಳುಗಿದ್ದ. ಚೆನ್ನಕ್ಕೆ ಹಾಸಿಗೆ ಹಿಡಿದಳು. ಏಳನೆಯ ಬಾಗಿಲಿನ ಬೀಗದಕೈ ಸೊಂಟದಿಂದ ಬಿಚ್ಚಿದಳು. ತನ್ನ ಒಬ್ಬನೇ ಮಗನನ್ನು ಕರೆದು, ಕೈಯಲ್ಲಿಟ್ಟು, "ಮಗನೇ, ಈ ಮನೆ ನಿನ್ನದು, ನಿನ್ನ ವಂಶದ್ದು" ಎಂದಳು.

ಸಾತ್ವಿಕಾ ಕಾರಿನ ಗಾಜಿನಾಚೆ ನೋಡುತ್ತಾ ಕೂತಳು. ಅವಳೊಳಗೆ ಏನೋ ನಿಧಾನವಾಗಿ ತಿರುಗಿ ಸರಿಯಾದ ಜಾಗದಲ್ಲಿ ಕೂತಿತು.

ಈ ಸೀಮೆಯಲ್ಲಿ ಅವರ ಜನರ ಮನೆ ಇಳಿಯುವುದು ಹೆಣ್ಣಿನ ಬಳಿಯಲ್ಲಿ, ಎಂದರೆ ಹೆಣ್ಣಿನ ವಂಶದಲ್ಲಿ. ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಕ್ಕಳಿಗೆ. ಮಗ ಬದುಕಿರುವವರೆಗೆ ಯಜಮಾನಿಕೆ ಮಾಡಬಹುದು, ಆದರೆ ಅವನ ಮಕ್ಕಳು ಅವರ ತಾಯಿಯ ಮನೆಯವರು. ಅಳಿಯಕಟ್ಟು ಎಂದರೆ ಅದು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಮುದುಕಿಯರ ನಾಲಗೆಯಲ್ಲಿ ಮಾತ್ರ ಅದು ಬದಲಾಗಿಲ್ಲ. ಶಶಿಪ್ರಭಾಳ ಯಾವ ಕಥೆಯಲ್ಲೂ ಮನೆ ಮಗನಿಗೆ ಹೋದದ್ದಿಲ್ಲ. ಪ್ರಪಂಚದ ಕಥೆಗಳನ್ನೆಲ್ಲ ಓದಿದ ಯಂತ್ರ, ಪ್ರಪಂಚದಲ್ಲಿ ನಡೆಯುವ ಹಾಗೆ ಬೀಗದಕೈಯನ್ನು ಮಗನಿಗೆ ಕೊಟ್ಟಿತ್ತು. ಅದಕ್ಕೆ ಕಟ್ಟು ಗೊತ್ತಿಲ್ಲ, ಅದರ ತಪ್ಪಲ್ಲ. ಲತೇಶನಿಗೆ ಗೊತ್ತು, ಆದರೆ ಅವನು ಯಾವ ಕಥೆಯನ್ನೂ ಪೂರ್ತಿ ಕೇಳಿದವನಲ್ಲ.

ಆದರೆ ಉದ್ಘಾಟನೆಗೆ ಬರುವ ನೆಂಟರು ಯಂತ್ರ ಬರೆದದ್ದು ಎಂದು ನಂಬುತ್ತಾರೆಯೇ? ಹನ್ನೆರಡು ವರ್ಷದ ಹಿಂದೆ ಲತೇಶನ ಅಪ್ಪ ಇದೇ ಶಶಿಪ್ರಭಾಳ ಮನೆಯಲ್ಲಿ ಪಾಲು ಬೇಕೆಂದು ಕೇಳಿ, ಹಿರಿಯರೆಲ್ಲ ಕೂತು ಅವನನ್ನು ಸುಮ್ಮನಾಗಿಸಿದ್ದು ಕುಟುಂಬದಲ್ಲಿ ಎಲ್ಲರಿಗೂ ನೆನಪಿದೆ. ಈಗ ಆ ಮಗನ ಮಗ, ಆ ಮುದುಕಿಯ ಸ್ವರವನ್ನೇ ಕದ್ದು, ಮನೆ ಮಗನಿಗೆ ಎಂದು ಊರ ಮುಂದೆ ಹೇಳಿಸಲಿದ್ದಾನೆ.

"ಪೂರ್ತಿ ಕೇಳಿದ್ದೀರಾ ಭಾವ?"

"ಕೇಳಿದೆ, ಕೇಳಿದೆ. ಅಲ್ಲಲ್ಲಿ."

"ಬೇರೆ ಯಾರಾದರೂ ಕೇಳಿದ್ದಾರಾ?"

"ಇಲ್ಲ ಮಾರಾಯ್ತಿ, ಸರ್‌ಪ್ರೈಸ್! ದೊಡ್ಡ ಟೀವಿಯಲ್ಲಿ ಹಾಕುವುದು. ದೀಪ ಹಚ್ಚಲಿಕ್ಕೆ ಅಜ್ಜಿಯನ್ನೇ ಕರ್ದಿದ್ದೇನೆ. ಹೇಗೆ ಉಂಟು?"

ಒಂದು ಮಾತು ಸಾಕಿತ್ತು. ಮಗ ಅಲ್ಲ ಭಾವ, ಮಗಳ ಮಗಳು ಅಂತ ಮಾಡಿಸಿ. ಮಾತು ಅವಳ ನಾಲಗೆಯ ತುದಿಗೆ ಬಂದು ನಿಂತಿತ್ತು ಕೂಡ. ಅಷ್ಟರಲ್ಲಿ ಅವನು ಕನ್ನಡಿಯಲ್ಲಿ ತನ್ನ ಕೂದಲು ಸರಿ ಮಾಡಿಕೊಂಡ.

"ಚಂದ ಉಂಟು," ಎಂದಳು ಸಾತ್ವಿಕಾ. "ಹಾಕಿ."

ಮರುದಿನ ದೀಪ ಹಚ್ಚುವ ಹೊತ್ತಿಗೆ ಅವಳು ಅಜ್ಜಿಯನ್ನು ಕೂರಿಸಿ ನಿಜವಾದ ಏಳನೆಯ ಬಾಗಿಲನ್ನು ರೆಕಾರ್ಡ್ ಮಾಡಿದಳು. ಗಂಟಲಿಗೆ ಶಕ್ತಿ ಬಂದಿತ್ತು. ಸ್ವರ ಮಾತ್ರ ಮೊದಲಿನ ಹಾಗಿಲ್ಲ, ಸ್ವಲ್ಪ ಒಡೆದಿತ್ತು. ಕಾರಿನಲ್ಲಿ ಕೇಳಿದ್ದನ್ನು ಅವಳು ಅಜ್ಜಿಗೆ ಹೇಳಲಿಲ್ಲ. ಶಶಿಪ್ರಭಾ ಸಂಭ್ರಮದಲ್ಲಿದ್ದಳು. "ಹುಡುಗ ಪುಟ ತೆಗೆದುಕೊಂಡದ್ದು ತಪ್ಪೇ," ಎಂದಳು ಪೆಟ್ಟಿಗೆಯಿಂದ ಸೀರೆ ತೆಗೆಯುತ್ತಾ. "ಆದರೆ ದೀಪ ಹಚ್ಚಲಿಕ್ಕೆ ನನ್ನನ್ನು ಕರೆದನಲ್ಲ. ಮಗನ ಮಗ ಅಂದರೂ ರಕ್ತ ಅಲ್ವಾ." ಸಾತ್ವಿಕಾ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಆ ಸೀರೆಯ ನಿರಿಗೆ ತೀಡಿದಳು. ಒಂದು ಸಲವೂ ತಲೆ ಎತ್ತಲಿಲ್ಲ.

ಭಾನುವಾರ ಮೂಡುಬಿದಿರೆಯ ಶೋರೂಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನೆಂಟರು, ಗಿರಾಕಿಗಳು, ಗೋಡೆಯಷ್ಟು ದೊಡ್ಡ ಟೀವಿ. ಎದುರು ಸಾಲಿನಲ್ಲಿ ಶಶಿಪ್ರಭಾ. ಅವಳ ಪಕ್ಕ ಅವಳ ತಮ್ಮ ಅಣ್ಣು ಮಾವ, ಎಂಬತ್ತು ದಾಟಿದ ಹಿರಿಯ, ಕುಟುಂಬದಲ್ಲಿ ಅವನ ಮಾತಿಗೆ ಎದುರಾಡುವವರಿಲ್ಲ. ದೀಪ ಹಚ್ಚಿ ಆಯಿತು, ಚಪ್ಪಾಳೆ ಆಯಿತು. ಬಂದವರೆಲ್ಲ ಬಳಸಲಿ ಎಂದು ಲತೇಶ ಅಂಗಡಿಯ ವೈಫೈ ಪಾಸ್‌ವರ್ಡನ್ನು ಗೋಡೆಯ ಮೇಲೆ ದಪ್ಪಗೆ ಬರೆಸಿದ್ದ.

ಹನ್ನೊಂದಕ್ಕೆ ಟೀವಿಯಲ್ಲಿ ಶಶಿಪ್ರಭಾಳ ಚಿತ್ರ ಬಂತು, ಆಮೇಲೆ ಸ್ವರ. ಜನ ತಲೆದೂಗಿದರು. ಶಶಿಪ್ರಭಾ ಮೊದಲು ನಕ್ಕಳು, ಆಮೇಲೆ ಕಿವಿ ಮುಂದೆ ಮಾಡಿದಳು. ಅವಳ ಕೈ ಹೋಗಿ ಗಂಟಲ ಮೇಲಿನ ಗಾಯದ ಗುರುತನ್ನು ಮುಟ್ಟಿತು. ತಾನು ಹೇಳದ ಮಾತು ತನ್ನ ಬಾಯಿಂದ ಬರುವುದನ್ನು ಅವಳು ಕೇಳುತ್ತಿದ್ದಳು. ಬೀಗದಕೈ ಮಗನ ಕೈ ಸೇರಿತು.

"ಅಕ್ಕಾ," ಎಂದ ಅಣ್ಣು ಮಾವ, ಕೋಲು ಊರಿ ಎದ್ದು. "ಮಗನಿಗೆ ಕೊಟ್ಟೆಯಾ? ನಮ್ಮ ತಾಯಿ ಹೇಳಿದ ಕಥೆಯಲ್ಲಿ ಮಗನಿಗೆ ಕೊಟ್ಟೆಯಾ ನೀನು?"

ಶಶಿಪ್ರಭಾ ಎದ್ದು ಟೀವಿಯ ಕಡೆ ಬೆರಳು ತೋರಿಸಿದಳು. "ಸ್ವರ ನನ್ನದೇ. ಮಾತು ನನ್ನದಲ್ಲ ಅಣ್ಣು. ನಾನು ಹೇಳಿಲ್ಲ."

ಎಲ್ಲರ ಕಣ್ಣು ಒಟ್ಟಿಗೆ ಲತೇಶನ ಮೇಲೆ, ಅಲ್ಲಿಂದ ಅವನ ಅಪ್ಪನ ಮೇಲೆ ಬಿತ್ತು. ಹಿಂದಿನ ಸಾಲಿನ ಹೆಂಗಸೊಬ್ಬಳು ಎಲ್ಲರಿಗೂ ಕೇಳುವ ಹಾಗೆಯೇ ಪಿಸುಗುಟ್ಟಿದಳು: "ಅಪ್ಪ ಬಾಯಲ್ಲಿ ಕೇಳಿದ, ಮಗ ಟೀವಿಯಲ್ಲಿ ಬರೆಸಿಕೊಂಡ."

"ಅಯ್ಯೋ, ನಾನು ಬರೆದದ್ದಲ್ಲ! ಅದು ಕಂಪ್ಯೂಟರ್ ಬರೆದದ್ದು!" ಲತೇಶ ಬೆವರುತ್ತಿದ್ದ.

"ಕಂಪ್ಯೂಟರಿಗೆ ನಮ್ಮ ಮನೆಯ ಮೇಲೆ ಯಾಕೆ ಆಸೆ?" ಎಂದ ಅಣ್ಣು ಮಾವ. ಯಾರೋ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹೋಯಿತು. ಸಾತ್ವಿಕಾ ಗೋಡೆಗೆ ಒರಗಿ ನಿಂತು ಅದನ್ನು ಗುಟುಕು ಗುಟುಕಾಗಿ ಕುಡಿದಳು.

ಆಮೇಲೆ ಫೋನು ತೆಗೆದು ಕುಟುಂಬದ ಗ್ರೂಪಿಗೆ ಚಾವಡಿಯ ವಿಳಾಸ ಕಳಿಸಿದಳು. ಕೂತವರ ಕಿಸೆಗಳಲ್ಲಿ ಫೋನುಗಳು ಟಿಂಗೆಂದವು. ಲತೇಶನದೇ ವೈಫೈಯಲ್ಲಿ, ಲತೇಶನದೇ ಕುರ್ಚಿಗಳಲ್ಲಿ ಕೂತು ಒಬ್ಬೊಬ್ಬರಾಗಿ ತೆರೆದರು. ಒಡೆದ ಸ್ವರದ ನಿಜವಾದ ಶಶಿಪ್ರಭಾ ಅಲ್ಲಿ ಹೇಳುತ್ತಿದ್ದಳು: "ಚೆನ್ನಕ್ಕೆ ಮಗಳ ಮಗಳನ್ನು ಕರೆದಳು. ಇದು ನಿನ್ನದು ಎಂದಳು. ಬೀಗದಕೈ ಕೊಡುವುದಿಲ್ಲ, ಬೀಗ ಯಾರಾದರೂ ಒಡೀಬಹುದು. ಕಲ್ಲು ಕಡಿಯುವುದನ್ನು ಕಲಿಸ್ತೇನೆ, ಬಾ."

ಲತೇಶ ಜನರ ನಡುವೆ ನುಗ್ಗಿ ಅವಳ ಹತ್ತಿರ ಬಂದ. "ಸಾತ್ವಿ, ನೀನಾದರೂ ಹೇಳು! ಗುರುವಾರವೇ ನಿನಗೆ ಕೇಳಿಸಿದ್ದೆ ಅಲ್ವಾ? ಚಂದ ಉಂಟು, ಹಾಕಿ ಅಂದಿ ಅಲ್ವಾ?"

"ಹೌದು," ಎಂದಳು ಅವಳು, ತಡವರಿಸದೆ. "ಅಂದೆ."

ಅವಳು ಲತೇಶನ ಮುಖವನ್ನು ನೋಡುತ್ತಿದ್ದಳು, ಅದಕ್ಕಾಗಿ ಎರಡು ತಿಂಗಳು ಕಾದಿದ್ದಳು. ಅವನ ಭುಜದಾಚೆ ಅಜ್ಜಿ ತನ್ನನ್ನು ನೋಡುತ್ತಿರುವುದು ಕಂಡದ್ದು ಆಮೇಲೆ.

ವೇಣೂರಿನ ಬಸ್ಸಿನಲ್ಲಿ ಶಶಿಪ್ರಭಾ ಟಿಕೇಟು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಜ್ಜಿ."

"ಗೊತ್ತಿದ್ದೂ ನನಗೆ ಸೀರೆ ಉಡಿಸಿ ಕರ್ಕೊಂಡು ಹೋದಿ."

"ಮೊದಲೇ ಹೇಳಿದರೆ ನೀವು ಅವನಿಗೆ ಹೇಳಿಬಿಡ್ತಿದ್ದಿರಿ."

"ಹೇಳ್ತಿದ್ದೆ," ಎಂದಳು ಅಜ್ಜಿ. "ಅವನಿಗೆ ಆದದ್ದು ಸರಿ. ಇನ್ನೂ ಎರಡು ಬೀಳಬೇಕಿತ್ತು. ಆದರೆ ಒಂದು ಗಳಿಗೆ, ಅಷ್ಟು ಜನರ ಮಧ್ಯದಲ್ಲಿ, ನಾನೇ ಹೇಳಿದ್ದಾ ಅಂತ ನನಗೇ ಸಂಶಯ ಬಂತು ಮಗಾ. ಬುದ್ಧಿ ಹೋಯ್ತಾ ಅಂತ ಹೆದರಿದೆ. ಅದು ನಿನ್ನಿಂದ ಬಂದದ್ದು."

ಸಾತ್ವಿಕಾ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಸೆರಗೂ ಕಾಣಲಿಲ್ಲ, ರಾಜಕುಮಾರಿಯೂ ಕಾಣಲಿಲ್ಲ.

ಬುಧವಾರ ಲತೇಶ ಮನೆಗೆ ಬಂದ, ಕೈಯಲ್ಲಿ ಪಾಸ್‌ವರ್ಡು ಬರೆದ ಚೀಟಿ. ಅಣ್ಣು ಮಾವ ಹೇಳಿ ಕಳಿಸಿದ್ದ. ಪುಟದಡಿಯಲ್ಲಿ ಬೈಗುಳದ ಮಳೆ ನಿಂತಿರಲಿಲ್ಲ. ಶೋರೂಮಿಗೆ ಬಂದವರು ಫೋನಿನ ಬೆಲೆ ಕೇಳುವ ಬದಲು ಮನೆಯ ಬೀಗದಕೈ ಸಿಕ್ಕಿತಾ ಎಂದು ಕೇಳಿ ಹೋಗುತ್ತಿದ್ದರು.

"ತೆಗೆದುಕೋ. ಎಲ್ಲ ನಿನ್ನದೇ. ಒಂದು ತಿದ್ದುಪಡಿ ಹಾಕು ಸಾತ್ವಿ, ಭಾವನ ತಪ್ಪಿಲ್ಲ, ಕಂಪ್ಯೂಟರಿನದ್ದು ಅಂತ. ನೀನು ಹೇಳಿದರೆ ಜನ ನಂಬ್ತಾರೆ."

ಅವಳು ಅವನ ಎದುರಿಗೇ ಪುಟ ತೆರೆದಳು. ಅರುವತ್ತೊಂದು ಸಾವಿರ ಜನ. ಚಾವಡಿಗೆ ಬಂದವರು ಅಷ್ಟರಲ್ಲಿ ನಾಲ್ಕು ಸಾವಿರ. ಉಳಿದವರಲ್ಲಿ ಹೆಚ್ಚಿನವರು ಇನ್ನೆಂದೂ ಬರುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ದುಬೈಯ ಒಬ್ಬ ಮುದುಕ ಪ್ರತಿ ಕಥೆಯ ಕೆಳಗೂ "ಹೂಂ" ಎಂದು ಬರೆಯುತ್ತಿದ್ದ. ಅವನು ಬರುತ್ತಾನೋ ಇಲ್ಲವೋ. ಅವಳು ತಿದ್ದುಪಡಿ ಹಾಕಲಿಲ್ಲ. ಪಾಸ್‌ವರ್ಡು ಬದಲಾಯಿಸಿದಳು, ನಂಬರು ಬದಲಾಯಿಸಿದಳು, ಚಾವಡಿಯ ವಿಳಾಸ ಒಂದು ಸಾಲು ಬರೆದಳು. ಆಮೇಲೆ ಖಾತೆಯನ್ನು ಶಾಶ್ವತವಾಗಿ ಅಳಿಸು ಎಂಬಲ್ಲಿ ಒತ್ತಿದಳು.

ಮನಸ್ಸು ಬದಲಾದರೆ ಮೂವತ್ತು ದಿನದೊಳಗೆ ಹಿಂದೆ ಬನ್ನಿ, ಎಂದಿತು ಜಾಲತಾಣ.

"ಮೂವತ್ತು ದಿನ ಉಂಟು," ಎಂದ ಲತೇಶ. ಅವನ ಸ್ವರದಲ್ಲಿ ಆಸೆ ಇತ್ತು.

"ಹೌದು ಭಾವ," ಎಂದಳು ಸಾತ್ವಿಕಾ. "ಮೂವತ್ತು ದಿನ ಉಂಟು."

ಅವನು ದಿನಾ ಸಂದೇಶ ಕಳಿಸಿದ. ಅವಳು ದಿನಾ ಓದಿದಳು, ಓದಿದ್ದೇನೆ ಎಂದು ಅವನಿಗೆ ತಿಳಿಯಲಿ ಎಂದೇ ಓದಿದಳು, ಉತ್ತರ ಕೊಡಲಿಲ್ಲ. ಇಪ್ಪತ್ತನೆಯ ದಿನದ ಹೊತ್ತಿಗೆ ಅವನ ಸಂದೇಶಗಳಲ್ಲಿ ಶೋರೂಮು ಹೋಗಿ ಬರೀ ಕ್ಷಮೆ ಉಳಿದಿತ್ತು. ಅಜ್ಜಿ ಒಮ್ಮೆ ಕೇಳಿದಳು, "ನಿನ್ನ ಚಾವಡಿಗೆ ಎಷ್ಟು ಜನ ಬಂದರು?" "ನಾಲ್ಕು ಸಾವಿರದ ಮುನ್ನೂರು." "ಅಷ್ಟು ಜನರಿಗೆ ಚಹಾ ಮಾಡ್ಲಿಕ್ಕೆ ನಿನ್ನ ಕೈಯಲ್ಲಿ ಆಗ್ತದಾ?" ಎಂದು ಹೊಸ ಕಥೆಗೆ ಗಂಟಲು ಸರಿಮಾಡಿಕೊಂಡಳು. ಸೀರೆಯ ವಿಷಯ ಮಾತ್ರ ಅವರಿಬ್ಬರೂ ಮತ್ತೆ ಎತ್ತಲಿಲ್ಲ.

ಮೂವತ್ತನೆಯ ದಿನ ಸಂಜೆ ಲತೇಶ ತಾನೇ ಬಂದು ಮೆಟ್ಟಿಲ ಮೇಲೆ ಕೂತ. ಕರೆಯಲಿಲ್ಲ, ಬಾಗಿಲು ತಟ್ಟಲಿಲ್ಲ. ಸಾತ್ವಿಕಾ ಒಳಕೋಣೆಯಲ್ಲಿ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದೇ ಒತ್ತು ಒತ್ತಿ, ಅವನು ಕೇಳಿದ ತಿದ್ದುಪಡಿ ಹಾಕಿದರೆ ಅರುವತ್ತೊಂದು ಸಾವಿರ ಜನರೂ ಅವನ ಮರ್ಯಾದೆಯೂ ಹಿಂದೆ ಬರುತ್ತಿತ್ತು. ಹೊರಗೆ ಅಜ್ಜಿ ಲೋಟ ಕೆಳಗಿಡುವ ಸದ್ದು ಕೇಳಿಸಿತು.

"ಕುಡಿ ಮಗಾ," ಎಂದಳು ಶಶಿಪ್ರಭಾ, ಮಗನ ಮಗನ ಪಕ್ಕ ಕೂರುತ್ತಾ. "ಬಿಸಿ ಉಂಟು. ಅವಳು ಬರುವುದಿಲ್ಲ."